ಹಳೆಯ ಜೀಪಿನ ತುಕ್ಕು: ಭಂಗಾರಕ್ಕೆ ಹಾಕುವ ಮೊದಲು

ಸಕ್ಕರೆ ಕಾರಖಾನೆಗಳ ಹಂಗಾಮು ಮುಗಿದ ಮೇಲೆ ಮೃಗದ ಮಳೆ ಬೀಳುವ ತನಕ ನಮ್ಮ ನೂಲ ಭಾಗದ ಒಕ್ಕಲಿಗನ ಕೈಗೆ ಒಂದಿಷ್ಟು ಬಿಡುವು ಸಿಗುವದು. ಭಂಗಾರದವನ ಗಾಡಿ ಊರೊಳಗೆ ತಿರುಗುವದೂ ಇದೇ ದಿನಗಳಲ್ಲಿ. ದನದ ಕೊಟ್ಟಿಗೆಯ ಮಗ್ಗುಲಿಗೆ ನಿಂತ ಹಳೆಯ ಜೀಪನ್ನು ಕಂಡರೆ ಅವನು ತೂಕದ ಲೆಕ್ಕದಲ್ಲಿ ದರ ಹೇಳುವನು. ಮರಾಠಿಯ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ. ಯಾವ ಜೀಪನ್ನು ಅವನಿಗೆ ಕೊಡಬೇಕು, ಯಾವದನ್ನು ಮನೆಯಲ್ಲಿಯೇ ರಿಪೇರಿ ಮಾಡಿ ಇಟ್ಟುಕೊಳ್ಳಬೇಕು ಎಂಬುದನ್ನು, ನಮ್ಮ ಜೀಪಿಗೆ ಒಂದು ಬೇಸಗೆಯನ್ನೆಲ್ಲ ಸುರಿದು ಕಲಿತಷ್ಟು, ವಾಚಕರ ಮುಂದೆ ಇಡುವೆವು.

ಜೀಪು ನಮ್ಮ ಕಡೆಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮಹೀಂದ್ರಾ ಸಂಸ್ಥೆಯವರು 1947ರಿಂದ ಇಲ್ಲಿ ಜೋಡಿಸಹತ್ತಿದರು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ 3ಬಿ ಮಾದರಿ ಬಂದಿತು. ಒಳಗಿನ ಎಂಜಿನ್ನು ಎತ್ತರವಾದುದೇ ಆ ಬಾನೆಟ್ಟು ಎತ್ತರವಾದುದಕ್ಕೆ ಕಾರಣ. ಬಳಿಕ ಡಿಜೆಲ್ ಜೀಪುಗಳು ಬಂದವು. ಒಂದು ಮಗ್ಗುಲಿಗೆ ಗಡಹಿಂಗ್ಲಜ, ಇನ್ನೊಂದು ಮಗ್ಗುಲಿಗೆ ಸಂಕೇಶ್ವರ ಇರುವ ನಮ್ಮಂಥವರಿಗೆ ಹಾಲಿನ ಕ್ಯಾನು, ಗೊಬ್ಬರದ ಚೀಲ, ಬಾಣಂತಿ, ಬೀಗರು ಎಲ್ಲಕ್ಕೂ ಇದೇ ವಾಹನ. ಮಳೆಗಾಲದ ಕಬ್ಬಿನ ಹೊಲದ ದಾರಿಯಲ್ಲಿ ಬೇರೆ ಮೋಟಾರು ಹೂತು ಕೂಡ್ರುವಲ್ಲಿ ಇದು ನಾಲ್ಕೂ ಗಾಲಿಗಳಿಂದ ಎಳೆದುಕೊಂಡು ಹೊರಬೀಳುವದು.

ನಮ್ಮ ಜೀಪು ನದಿಯ ಕಡೆಯ ಹೊಲದ ಮನೆಯಲ್ಲಿ ಇರುತ್ತಿತ್ತು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಹಿರಣ್ಯಕೇಶಿಯ ನೀರು ಅದರ ಗಾಲಿ ಮುಚ್ಚುವಷ್ಟು ಏರಿ ಎರಡು ದಿನ ನಿಂತಿತು. ನೀರು ಇಳಿದ ಮೇಲೆ ನಾವು ಎಂಜಿನ್ನಿನ ಎಣ್ಣೆ ಬದಲಿಸಿ, ಮೇಲಿನ ರಾಡಿ ತೊಳೆದು, ಕೆಲಸ ಮುಗಿಯಿತೆಂದು ತಿಳಿದೆವು. ಅಲ್ಲಲ್ಲಿ ಬಣ್ಣ ಉಬ್ಬಿದಾಗ ಒಬ್ಬ ಮಿಸ್ತ್ರಿಯ ಕಡೆಗೆ ಒಯ್ದೆವು. ಅವನು ತೂತುಗಳಿಗೆ ಪುಟ್ಟಿ ತುಂಬಿ, ತಿಕ್ಕಿ, ಮೇಲೆ ಥಳಥಳಿಸುವ ಹಸುರು ಬಣ್ಣ ಹೊಡೆದುಕೊಟ್ಟನು. ಎರಡು ಮಳೆಗಾಲ ಚೆನ್ನಾಗಿಯೇ ಕಂಡಿತು. ಮೂರನೆಯದರಲ್ಲಿ ಒಂದು ಮುಂಜಾನೆ ಹಾಲಿನ ಕ್ಯಾನು ಏರಿಸಿಕೊಂಡು ಇಳಿಜಾರು ಇಳಿಯುವಾಗ ಬ್ರೇಕಿನ ಪಾವಟಿಗೆ ಸರ್ರನೆ ತಳಕ್ಕೆ ಹೋಯಿತು. ಗೇರಿನ ಮೇಲೆ ತಡೆದು, ಬದುವಿಗೆ ಹತ್ತಿಸಿ ನಿಲ್ಲಿಸಿದೆವು. ಕ್ಯಾನುಗಳು ಉರುಳಿದವು, ಮನುಷ್ಯರಿಗೆ ಏನೂ ಆಗಲಿಲ್ಲ. ಹಿಂದೆ ಕೂತಿದ್ದವರಲ್ಲಿ ಶಾಲೆಗೆ ಹೊರಟ ಇಬ್ಬರು ಹುಡುಗರಿದ್ದರು ಎಂಬುದನ್ನು ನೆನೆದರೆ ಈಗಲೂ ಮೈ ಝುಮ್ಮೆನ್ನುವದು. ಕೆಳಗೆ ಹೊಕ್ಕು ನೋಡಲಾಗಿ, ಚಾಸಿಗೆ ಅಂಟಿಕೊಂಡು ಹೋಗುವ ಬ್ರೇಕಿನ ನಳಿಗೆ ಒಂದು ಹಿಡಿಕೆಯ ಅಡಿಯಲ್ಲಿ ತುಕ್ಕು ತಿಂದು ಒಡೆದಿತ್ತು. ಆ ಹಿಡಿಕೆಯ ಸಂದಿಯಲ್ಲಿ ಪೂರದ ರಾಡಿ ಇನ್ನೂ ಹಾಗೆಯೇ ಇತ್ತು.

ಹಳೆಯ ಜೀಪುಗಳಲ್ಲಿ ಬ್ರೇಕಿಗೆ ಒಂದೇ ಸುತ್ತು ಇರುವದು. ಒಂದು ಕಡೆ ನಳಿಗೆ ಒಡೆದರೆ ನಾಲ್ಕೂ ಗಾಲಿಗಳ ಬ್ರೇಕು ಒಮ್ಮೆಲೇ ಹೋಗುವದು. ಆದ ಕಾರಣ ಹಳೆಯ ಜೀಪಿನ ಕೆಲಸಕ್ಕೆ ಕೈ ಹಚ್ಚುವವರು ಮೊದಲು ಬ್ರೇಕಿನ ನಳಿಗೆ, ಆಮೇಲೆ ಚಾಸಿ, ಕಟ್ಟಕಡೆಗೆ ಬಾಡಿ ಎಂಬ ಕ್ರಮವನ್ನು ಬಿಡಬಾರದು. ನಮ್ಮ ಜನ ಬಹಳ ಮಾಡಿ ಇದನ್ನು ತಿರುವುಮುರುವು ಮಾಡುವರು. ನಾವೂ ಮಾಡಿದೆವು. ತುಕ್ಕು ಹಿಡಿದ ನಳಿಗೆಯನ್ನು ಬೆಸೆಯಬಾರದು, ತುಂಡು ಜೋಡಿಸಬಾರದು. ಪೂರ್ತಿ ಹೊಸದು ಹಾಕಿಸತಕ್ಕದ್ದು. ಬಗ್ಗಿಸಲು ಸುಲಭವೆಂದು ಬರೀ ತಾಮ್ರದ ನಳಿಗೆ ಹಾಕುವವರಿದ್ದಾರೆ. ಅದು ಅದುರಿ ಅದುರಿ ಪೆಡಸಾಗಿ ಬಿರಿಯುವದು, ಬೇಡ. ಬ್ರೇಕಿನ ಎಣ್ಣೆಯು ಗಾಳಿಯೊಳಗಿನ ತೇವವನ್ನು ಹೀರುವ ಗುಣದ್ದಾದುದರಿಂದ ನಳಿಗೆ ಒಳಗಿನಿಂದಲೂ ಕೊಳೆಯುವದುಂಟು. ಎರಡು ವರುಷಕ್ಕೊಮ್ಮೆ ಎಣ್ಣೆ ಬದಲಿಸುವದು ಲೇಸು.

ಈಗ ತುಕ್ಕಿನ ವಿಷಯ. ನಾವು ಜಂಗು ಅನ್ನುವದೂ ಮರಾಠಿಯವರು ಗಂಜ ಅನ್ನುವದೂ ಇದೇ. ಕಬ್ಬಿಣಕ್ಕೆ ನೀರು ಮತ್ತು ಗಾಳಿಯೊಳಗಿನ ಆಮ್ಲಜನಕ ಎರಡೂ ಕೂಡಿ ತಗಲಿದರೆ ಅದು ತುಕ್ಕಾಗುವದು. ಉಪ್ಪಿನ ಅಂಶ ಸೇರಿತೆಂದರೆ ಈ ಕೆಲಸ ಬಲು ತೀವ್ರವಾಗಿ ನಡೆಯುವದು. ಒಂದು ಪಾಲು ಕಬ್ಬಿಣ ತುಕ್ಕಾದರೆ ಅದಕ್ಕಿಂತ ಹಲವು ಪಟ್ಟು ಜಾಗ ಹಿಡಿಯುವದರಿಂದ ಎರಡು ತಗಡುಗಳ ಬೆಸುಗೆಯ ನಡುವೆ ಹುಟ್ಟಿದ ತುಕ್ಕು ಬೆಣೆ ಹೊಡೆದಂತೆ ಅವನ್ನು ಅಗಲಿಸುವದು. ಅಗಲಿದ ಸಂದಿಗೆ ಮತ್ತಷ್ಟು ನೀರು ಹೊಗುವದು. ಕಬ್ಬಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೀರು ಹೆಚ್ಚಾಗಿ ಸವಳು-ಜವಳಾದ ಹೊಲಕ್ಕೆ ಮೇಲೆ ಎಷ್ಟು ಗೊಬ್ಬರ ಸುರಿದರೂ ಬೆಳೆ ಬರುವದಿಲ್ಲ, ಬಸಿಗಾಲುವೆ ತೆಗೆದು ನಿಂತ ನೀರನ್ನು ಹೊರಗೆ ಹಾಕಬೇಕು. ಜೀಪಿನ ತುಕ್ಕೂ ಜವಳಿನ ರೋಗವೇ ಹೊರತು ಬಣ್ಣದ ರೋಗವಲ್ಲ. ನಮ್ಮ ಮಿಸ್ತ್ರಿ ಮಾಡಿದ್ದು ಜವಳಿನ ಮೇಲೆ ಹಸುರು ಹೊದಿಸಿದ ಕೆಲಸ. ಪುಟ್ಟಿಯ ಹಿಂದೆ ನೀರು ನಿಂತು ತಗಡು ಹಿಂದಿನಿಂದ ಕೊಳೆಯುತ್ತ ಹೋಯಿತು.

ನೀರು ನಿಲ್ಲುವ ಜಾಗಗಳನ್ನು ಹುಡುಕಲು ಒಂದು ದಬ್ಬಣ, ಒಂದು ಸಣ್ಣ ಸುತ್ತಿಗೆ, ಒಂದು ಬ್ಯಾಟರಿ ಇದ್ದರೆ ಸಾಕು. ಸಂತೆಯಲ್ಲಿ ಗಡಿಗೆ ಬಡಿದು ನೋಡುವಂತೆ ಬಡಿಯುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಠಣ್ ಎನ್ನುವದು. ಕೊಳೆತದ್ದು ದಬ್ ಎನ್ನುವದು. ಸಂಶಯ ಬಂದಲ್ಲಿ ದಬ್ಬಣ ಒತ್ತಬೇಕು. ಕಾಲಿಡುವ ತಳದ ತಗಡು, ಅದರ ಅಡಿಯಲ್ಲಿ ಅಡ್ಡಲಾಗಿ ಬೆಸೆದ ಟೊಪ್ಪಿಗೆ ಆಕಾರದ ಪಟ್ಟಿಗಳು, ಬಾಡಿಯನ್ನು ಚಾಸಿಗೆ ಬಿಗಿದ ಬೋಲ್ಟಿನ ಸುತ್ತು, ಬ್ಯಾಟರಿ ಕೂಡ್ರುವ ತಟ್ಟೆ, ಗಾಳಿಗನ್ನಡಿಯ ಚೌಕಟ್ಟಿನ ಕೆಳ ಅಂಚು, ಸ್ಪ್ರಿಂಗಿನ ಹಿಡಿಕೆಗಳು ಇವೇ ಮುಖ್ಯ. ಯುದ್ಧಕಾಲದ ಜೀಪುಗಳಲ್ಲಂತೂ ಆ ಟೊಪ್ಪಿಗೆ ಪಟ್ಟಿಯೊಳಗೆ ಕಟ್ಟಿಗೆ ತುಂಬುತ್ತಿದ್ದರು. ಅದು ಸ್ಪಂಜಿನಂತೆ ನೀರು ಹಿಡಿದು ಪಟ್ಟಿಯನ್ನು ಒಳಗಿನಿಂದ ತಿನ್ನುತ್ತಿತ್ತು. ನಮ್ಮದರಲ್ಲಿ ಕಟ್ಟಿಗೆ ಇರಲಿಲ್ಲ, ಆದರೆ ಒಣಗಿದ ಪೂರದ ಮಣ್ಣು ಎರಡು ಬುಟ್ಟಿಯಷ್ಟು ಹೊರಬಿದ್ದಿತು. ನಾಲ್ಕು ವರುಷಗಳ ಹಿಂದಿನ ಮಣ್ಣು, ಒಳಗೆ ಇನ್ನೂ ತೇವ!

ಈ ಪರೀಕ್ಷೆಯಲ್ಲಿ ಬಾಡಿ ಎಷ್ಟೇ ತೂತಾಗಿದ್ದರೂ ಚಾಸಿ ಠಣ್ ಅಂದರೆ ಜೀಪು ಉಳಿಯುವದು. ಚಾಸಿಯ ಎರಡೂ ಉದ್ದಪಟ್ಟಿಗಳು ಹಲವು ಕಡೆ ಕೊಳೆತಿದ್ದರೆ, ಇಲ್ಲವೆ ಸ್ಟೇರಿಂಗಿನ ಪೆಟ್ಟಿಗೆ ಕೂಡ್ರುವಲ್ಲಿ ದಬ್ಬಣ ಇಳಿದರೆ, ಮಮತೆ ಬಿಟ್ಟು ಭಂಗಾರದವನನ್ನು ಕರೆಯುವದೇ ಮೇಲು.

ಬಿಚ್ಚುವ ಕೆಲಸದಲ್ಲಿ ಅವಸರ ಮಾಡಿದರೆ ಬೋಲ್ಟು ಮುರಿಯುವದು. ಚಿಮಣಿ ಎಣ್ಣೆಗೆ ಸ್ವಲ್ಪ ಎಂಜಿನ್ ಎಣ್ಣೆ ಕೂಡಿಸಿ ಮೂರು ನಾಲ್ಕು ದಿನ ಮುಂಜಾನೆ ಸಂಜೆ ಹನಿಸುತ್ತ ಇರಬೇಕು. ಬಿಚ್ಚುವ ಮೊದಲು ಎಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿರುವದರಿಂದ ಒಣಗಿದ ಬಣ್ಣ ತಿಕ್ಕಿ ಧೂಳೆಬ್ಬಿಸದೆ ನೀರು ಹಚ್ಚಿ ಹೆರೆಯತಕ್ಕದ್ದು. ಹೆರೆದ ಸಿಪ್ಪೆಯನ್ನು ತಿಪ್ಪೆಗೆ ಹಾಕಬಾರದು. ದನಗಳು ಬಣ್ಣದ ಚೂರು, ಹಳೆಯ ಬ್ಯಾಟರಿ ನೆಕ್ಕಿ ಸೀಸದ ವಿಷದಿಂದ ಸಾಯುವದುಂಟು. ಬ್ರೇಕಿನ ಡ್ರಮ್ಮಿನೊಳಗಿನ ಧೂಳನ್ನೂ ಬಾಯಿಯಿಂದ ಊದಬಾರದು, ಒದ್ದೆ ಅರಿವೆಯಿಂದ ಒರೆಸಬೇಕು. ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಪುಪ್ಪುಸಕ್ಕೆ ಕೇಡು.

ತುಕ್ಕು ತೆಗೆಯಲು ದೊಡ್ಡ ತಗಡುಗಳಿಗೆ ತಂತಿಯ ಬ್ರಶ್ಶು, ಉಸುಕಿನ ಕಾಗದ, ಕೈಬಲ ಇವೇ ಗತಿ. ಸಣ್ಣ ಭಾಗಗಳಿಗೆ ಮಾತ್ರ ನಮ್ಮ ಕಬ್ಬಿನ ಸೀಮೆಯಲ್ಲಿಯೇ ಒಂದು ಸೊಗಸಾದ ಔಷಧಿ ಇದೆ. ಅದು ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಕೂಡಿಸಿ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಹಾಕಿ, ಎಣ್ಣೆ-ಜಿಡ್ಡು ತೊಳೆದ ಹಿಡಿಕೆ, ಬಿಜಾಗರಿ, ಕೊಂಡಿಗಳನ್ನು ಅದರಲ್ಲಿ ಮುಳುಗಿಸಿ ಇಡಬೇಕು. ವಾರ ಎರಡು ವಾರಗಳಲ್ಲಿ ತುಕ್ಕು ಕರಿಯ ಕೆಸರಾಗಿ ಸಡಿಲಾಗುವದು. ನೀರು ಹೊಯ್ದು ಬ್ರಶ್ಶು ಆಡಿಸಿದರೆ ಕೆಳಗಿನ ಬೂದು ಬಣ್ಣದ ಕಬ್ಬಿಣ ಕಾಣುವದು. ಗಟ್ಟಿ ಕಬ್ಬಿಣವನ್ನು ಇದು ಹೆಚ್ಚಾಗಿ ಮುಟ್ಟುವದಿಲ್ಲ ಎಂಬುದೇ ಇದರ ಹೆಚ್ಚಳ. ಅಲ್ಯುಮಿನಿಯಮ್ಮಿನ ಮತ್ತು ಸತುವಿನ ಭಾಗಗಳನ್ನು ಮಾತ್ರ ತಿಂದುಹಾಕುವದು, ಅವನ್ನು ಹಾಕಬಾರದು. ಪೀಪಾಯಿ ಹುಳಿತು ನಾರುವದು, ಇರುವೆ ಮುತ್ತುವವು. ಮನೆಯ ಹೆಣ್ಣುಮಕ್ಕಳು ನಮ್ಮನ್ನೂ ಪೀಪಾಯಿಯನ್ನೂ ಹಿತ್ತಿಲಿಗೆ ಅಟ್ಟಿದರು. ಕಾರಖಾನೆಯ ಕಾಕಂಬಿ ಅಬಕಾರಿ ನಿಯಮಕ್ಕೆ ಒಳಪಟ್ಟ ಪದಾರ್ಥವಾದುದರಿಂದ ಕದ್ದು ಮುಚ್ಚಿ ತರುವ ಉಸಾಬರಿ ಬೇಡ. ನ್ಯಾಯವಾಗಿ ಸಿಗದಿದ್ದರೆ ಪೇಟೆಯ ನಿಂಬೆಹುಳಿಯ ಪುಡಿಯನ್ನು ನೂರಕ್ಕೆ ಐದರ ಪ್ರಮಾಣದಲ್ಲಿ ನೀರಿಗೆ ಹಾಕಿದರೂ ಕೆಲಸ ಆಗುವದು, ಆದರೆ ಅದರಲ್ಲಿ ತಾಸುಗಟ್ಟಲೆ ಇಡಬೇಕೇ ವಿನಾ ದಿನಗಟ್ಟಲೆ ಅಲ್ಲ. ಸ್ಪ್ರಿಂಗಿನ ಪಟ್ಟಿ, ಪಾನಿ ಕೊಟ್ಟ ಬೋಲ್ಟುಗಳನ್ನು ಯಾವ ಹುಳಿಯಲ್ಲಿಯೂ ಅದ್ದಬಾರದು. ಅವು ಒಳಗೊಳಗೇ ಪೆಡಸಾಗಿ ಭಾರ ಬಿದ್ದಾಗ ಮುರಿಯುವವು.

ಕೊಳೆತ ತಳದ ತಗಡನ್ನು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆಯಬೇಕು. ಕೊಳೆತದ್ದರ ಮೇಲೆ ಹೊಸದನ್ನು ಹೊದಿಸಿ ಬೆಸೆದರೆ ನಡುವೆ ಮತ್ತೆ ಜವಳು ಹುಟ್ಟುವದು. ನಾವು ಕೊಲ್ಹಾಪುರದಿಂದ 16 ಗೇಜಿನ, ಅಂದರೆ 1.6 ಮಿಲಿಮೀಟರು ದಪ್ಪದ ತಗಡು ತಂದು, ರಟ್ಟಿನ ಮೇಲೆ ಆಕಾರ ತೆಗೆದು ಕತ್ತರಿಸಿದೆವು. ಇಷ್ಟು ತೆಳು ತಗಡಿಗೆ ಹೊಲದ ಹತ್ಯಾರ ಬೆಸೆಯುವ ಕಡ್ಡಿಯ ವೆಲ್ಡಿಂಗು ತೂತು ಬೀಳಿಸುವದು. ಗ್ಯಾಸಿನದು ಇಲ್ಲವೆ ತಂತಿ ಹೊರಬರುವ ಸಿಓಟು ಯಂತ್ರದ್ದು ಬೇಕು. ಒಂದೇ ಸಮನೆ ಎಳೆಯದೆ, ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟು, ಆರಗೊಡುತ್ತ ಬೆಸೆದರೆ ತಗಡು ಸೊಟ್ಟಗಾಗುವದಿಲ್ಲ. ಮೊದಲು ಬ್ಯಾಟರಿಯ ತಂತಿ ಬಿಚ್ಚಿಡಬೇಕು, ಎಣ್ಣೆಯ ಟಾಕಿಯನ್ನು ಇಳಿಸಿ ದೂರ ಇಡಬೇಕು. ಟಾಕಿ ಬರಿದಾಗಿದೆ ಎಂದು ಧೈರ್ಯ ಮಾಡುವವರು ತಿಳಿಯಬೇಕಾದುದೇನೆಂದರೆ ತುಂಬಿದ ಟಾಕಿಗಿಂತ ಆವಿ ತುಂಬಿದ ಬರಿ ಟಾಕಿಯೇ ಹೆಚ್ಚು ಅಪಾಯದ್ದು.

ಚಾಸಿಯ ಬೆಸುಗೆಯನ್ನು ನಾವು ಮುಟ್ಟಲಿಲ್ಲ, ವಾಚಕರೂ ಮುಟ್ಟಬಾರದು. ನಮ್ಮದರಲ್ಲಿ ಹಿಂದಿನ ಒಂದು ಕಡೆ ಅಂಗೈಯಗಲ ಕೊಳೆತಿತ್ತು. ತಿಳಿದ ಬೆಸುಗೆಗಾರನನ್ನು ಕರೆಸಿ ಮಾಡಿಸಿದೆವು. ಅವನು ತೇಪೆಯ ತುದಿಗಳನ್ನು ನೆಟ್ಟಗೆ ಕತ್ತರಿಸದೆ ಮೀನಿನ ಬಾಲದಂತೆ ಓರೆಯಾಗಿ ಕತ್ತರಿಸಿದನು. ನೆಟ್ಟನೆಯ ಬೆಸುಗೆಯ ಗೆರೆ ಮೇಲಿನಿಂದ ಕೆಳಗೆ ಇದ್ದರೆ ಭಾರ ಬಿದ್ದಾಗ ಚಾಸಿ ಅಲ್ಲಿಯೇ ಸೀಳುವದಂತೆ ಎಂದು ಅವನು ಹೇಳಿದ್ದು ಸರಿಯಾಗಿಯೇ ಇದೆ.

ಇನ್ನು ಎಲ್ಲಕ್ಕೂ ಮುಖ್ಯವಾದ ಬಸಿಗಾಲುವೆ. ಪ್ರತಿಯೊಂದು ಟೊಪ್ಪಿಗೆ ಪಟ್ಟಿಯ ತೀರ ತಗ್ಗಿನ ಜಾಗದಲ್ಲಿ 8 ಮಿಲಿಮೀಟರಿನ ಒಂದೊಂದು ತೂತು ಹಾಕಿದೆವು. ಕಾರಖಾನೆಯವರೇ ಬಿಟ್ಟ ತೂತುಗಳು ಮಣ್ಣಿನಿಂದ ಮುಚ್ಚಿದ್ದವನ್ನು ತಂತಿಯಿಂದ ತೆರೆದೆವು. ಚಾಸಿಗೆ ಮಾತ್ರ ಹೊಸ ತೂತು ಹಾಕಬಾರದು, ಅದರ ಬಲ ಕುಂದುವದು. ತಳಕ್ಕೆ ಹಾಸಿದ್ದ ದಪ್ಪ ರಬ್ಬರನ್ನು ಕಿತ್ತು ಎಸೆದೆವು. ಅದರ ಅಡಿಯ ತೇವ ಬೇಸಗೆಯಲ್ಲಿಯೂ ಆರಿರಲಿಲ್ಲ.

ಬಣ್ಣದ ಕೆಲಸವನ್ನು ಮಳೆಗಾಲದಲ್ಲಿ ಹಿಡಿಯಲೇಬಾರದು. ತಿಕ್ಕಿ ಹೊಳೆಯಿಸಿದ ಕಬ್ಬಿಣಕ್ಕೆ ಒಂದು ರಾತ್ರಿಯ ಇಬ್ಬನಿ ಬಿದ್ದರೂ ತೆಳುವಾದ ಕೆಂಪು ಬರುವದು. ಆದುದರಿಂದ ಒಂದು ದಿನಕ್ಕೆ ಎಷ್ಟು ತಿಕ್ಕುವೆವೋ ಅಷ್ಟಕ್ಕೆ ಅದೇ ದಿನ ಪ್ರೈಮರು ಬಳಿಯತಕ್ಕದ್ದು. ಅಂಚು, ಬೆಸುಗೆ, ಬೋಲ್ಟಿನ ತಲೆಗಳ ಮೇಲೆ ಬಣ್ಣ ನಿಲ್ಲದೆ ತೆಳ್ಳಗಾಗುವದರಿಂದ ಅವಕ್ಕೆ ಮೊದಲು ಕುಂಚದಿಂದ ಒಂದು ಸಲ ಬಳಿದು ಆಮೇಲೆ ಎಲ್ಲಕ್ಕೂ ಎರಡು ಕೈ ಕೊಡಬೇಕು. ಕೈ ಹೋಗದ ಪಟ್ಟಿಗಳ ಒಳಗೆ ಅಗಸೆ ಎಣ್ಣೆ ಹೊಡೆದೆವು. ಇದು ನಮ್ಮ ಹಿರಿಯರ ಉಪಾಯ. ಗಾಳಿಗೆ ಒಣಗಿ ಪೊರೆಗಟ್ಟಿ ಕಬ್ಬಿಣವನ್ನು ಕಾಯುವದು. ಅಗಸೆ ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ತಾವಾಗಿಯೇ ಕಾದು ಹೊತ್ತಿಕೊಳ್ಳುವವು, ಕಣಿಕೆ ಬಣವೆಯ ಹತ್ತಿರವಂತೂ ಬೇಡವೇ ಬೇಡ. ಸುಟ್ಟ ಎಂಜಿನ್ ಎಣ್ಣೆ ಬಳಿಯುವ ರೂಢಿ ನಮ್ಮಲ್ಲಿ ಇದೆ. ಅದು ರಬ್ಬರನ್ನು ಕೆಡಿಸುವದು, ಚರ್ಮಕ್ಕೂ ಒಳ್ಳೆಯದಲ್ಲ.

ಗೊಬ್ಬರ ಹೇರಿದ ದಿನ ಜೀಪನ್ನು ತೊಳೆಯದೆ ಬಿಡಬಾರದು. ಕಬ್ಬಿಗೆ ಹಾಕುವ ಮ್ಯೂರಿಯೇಟ್ ಪೊಟ್ಯಾಶು ಕ್ಲೋರೈಡಿನ ಉಪ್ಪೇ ಆಗಿರುವದರಿಂದ ಚೀಲದಿಂದ ಉದುರಿದ ಹಿಡಿಯಷ್ಟು ಹರಳು ಒಂದು ಮಳೆಗಾಲದಲ್ಲಿ ತಗಡು ತೂತು ಮಾಡಬಲ್ಲದು. ದನದ ಗಂಜಲವೂ ಹಾಗೆಯೇ. ಅದಕ್ಕೋಸುಗ ನಾವು ಜೀಪನ್ನು ಈಗ ಕೊಟ್ಟಿಗೆಯ ಮಗ್ಗುಲಿನಿಂದ ತೆಗೆದು, ನಾಲ್ಕೂ ಕಡೆ ಗಾಳಿಯಾಡುವ ಚಪ್ಪರದ ಅಡಿಯಲ್ಲಿ, ಮೂತಿ ತುಸು ಎತ್ತರವಾಗುವಂತೆ ನಿಲ್ಲಿಸುತ್ತೇವೆ. ಒಳಗೆ ಬಿದ್ದ ನೀರು ಹಿಂದಕ್ಕೆ ಹರಿದು ತೂತುಗಳಿಂದ ಬಸಿಯುವದು.

ಕಾಗದಪತ್ರದ ಮಾತು ಒಂದಿದೆ. ಖಾಸಗಿ ವಾಹನಕ್ಕೆ 15 ವರುಷ ತುಂಬಿದ ಮೇಲೆ ಪರೀಕ್ಷೆಗೆ ಒಯ್ದು ನೋಂದಣಿಯನ್ನು ಐದೈದು ವರುಷಕ್ಕೆ ನವೀಕರಿಸಿಕೊಳ್ಳಬೇಕು. ಅಲ್ಲಿ ಚಾಸಿಯ ನಂಬರು ನೋಡುವರು. ತಿಕ್ಕುವ ಯಂತ್ರ ಹಿಡಿದ ಹುರುಪಿನಲ್ಲಿ ಆ ಅಂಕಿಗಳನ್ನು ತಿಕ್ಕಿಹಾಕಿದರೆ ಜೀಪು ಎಷ್ಟು ಗಟ್ಟಿಯಾಗಿದ್ದರೂ ಕಾಯಿದೆಯ ಕಣ್ಣಿಗೆ ಅನಾಮಧೇಯವೇ. ನಾವು ಅಲ್ಲಿ ಬ್ರಶ್ಶಿನಿಂದ ಮಾತ್ರ ತಿಕ್ಕಿ, ಗ್ರೀಸು ಬಳಿದಿಟ್ಟೆವು. ಬೀಗರ ಊರೆಂದು ಗಡಿಯಾಚೆಯ ಕರ್ನಾಟಕದಲ್ಲಿ 12 ತಿಂಗಳಿಗೆ ಮಿಕ್ಕಿ ಜೀಪನ್ನು ಇಡುವವರು ಅಲ್ಲಿಯ ನಂಬರು ಮಾಡಿಸಬೇಕಾಗುವದು ಎಂಬುದೂ ನೆನಪಿರಲಿ.

ನಮ್ಮ ಕೆಲಸ ಇನ್ನೂ ಪೂರ್ತಿ ಆಗಿಲ್ಲ. ಗಾಳಿಗನ್ನಡಿಯ ಚೌಕಟ್ಟಿನ ಕೆಳ ಅಂಚನ್ನು ಈ ಬೇಸಗೆಗೆ ಬಿಟ್ಟಿದ್ದೆವು. ಕಾಕಂಬಿಯ ಪೀಪಾಯಿ ಹಿತ್ತಿಲಲ್ಲಿ ಮತ್ತೆ ತುಂಬಿ ಕೂತಿದೆ.