ಡಿಸೆಂಬರ್ ಚಳಿಯಲ್ಲಿ ಉಲ್ಕಾವೃಷ್ಟಿ: ಮನೆಯಿಂದಲೇ ನೋಡುವುದು ಹೇಗೆ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸುತ್ತಲಿನ ಊರುಗಳಿಗೆ ಒಂದು ಭಾಗ್ಯ ಉಳಿದಿದೆ. ಇಲ್ಲಿ ರಾತ್ರಿಯಾದರೆ ಇನ್ನೂ ನಿಜವಾಗಿ ಕತ್ತಲಾಗುತ್ತದೆ. ಬೆಂಗಳೂರಿನವರು ಉಲ್ಕೆ ನೋಡಬೇಕೆಂದರೆ ಗಾಡಿ ಕಟ್ಟಿಕೊಂಡು ಊರಾಚೆ ಹೋಗಬೇಕು. ನಮಗೆ ಅಂಗಳ ಸಾಕು. ಆದರೂ ವರ್ಷದ ಅತಿ ಒಳ್ಳೆಯ ಉಲ್ಕಾವೃಷ್ಟಿಯನ್ನು ನಮ್ಮಲ್ಲಿ ಬಹಳ ಜನ ಕಂಬಳಿಯೊಳಗೆ ಮಲಗಿಯೇ ಕಳೆದುಬಿಡುತ್ತಾರೆ. ಅದು ಡಿಸೆಂಬರ್ 13 ಮತ್ತು 14ರ ರಾತ್ರಿ ಬರುವ ಜೆಮಿನಿಡ್ಸ್, ಅಂದರೆ ಮಿಥುನ ರಾಶಿಯ ಕಡೆಯಿಂದ ಬರುವಂತೆ ಕಾಣುವ ಉಲ್ಕೆಗಳು.

ಮೊದಲು ಉಲ್ಕೆ ಅಂದರೇನು ಎಂದು ನೋಡೋಣ. ಚುಕ್ಕಿ ಬಿತ್ತು ಎನ್ನುತ್ತೇವಲ್ಲ, ಆಗ ಯಾವ ನಕ್ಷತ್ರವೂ ಬಿದ್ದಿರುವುದಿಲ್ಲ. ಮರಳಿನ ಕಾಳಿನಷ್ಟು, ಹೆಚ್ಚೆಂದರೆ ಸಣ್ಣ ಹರಳಿನಷ್ಟು ದೊಡ್ಡದಾದ ಕಣವೊಂದು ಭಾರೀ ವೇಗದಲ್ಲಿ ನಮ್ಮ ವಾತಾವರಣಕ್ಕೆ ನುಗ್ಗುತ್ತದೆ. ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಅದು ಕಾದು ಆವಿಯಾಗುತ್ತದೆ, ಸುತ್ತಲಿನ ಗಾಳಿಯೂ ಬೆಳಗುತ್ತದೆ. ಆ ಬೆಳಕಿನ ಗೆರೆಯೇ ಉಲ್ಕೆ. ಜೆಮಿನಿಡ್ಸ್ ಕಣಗಳ ವೇಗ ಸೆಕೆಂಡಿಗೆ ಸುಮಾರು 35 ಕಿಲೋಮೀಟರ್. ದಾಂಡೇಲಿಯಿಂದ ಕಾರವಾರ ಮುಟ್ಟಲು ಅದಕ್ಕೆ ಮೂರೇ ಸೆಕೆಂಡು ಸಾಕು. ಉಲ್ಕೆಗಳ ಲೆಕ್ಕದಲ್ಲಿ ಇದು ನಿಧಾನವೇ. ನವೆಂಬರಿನ ಲಿಯೊನಿಡ್ಸ್ ಉಲ್ಕೆಗಳು ಇದರ ಎರಡು ಪಟ್ಟು ವೇಗದಲ್ಲಿ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತವೆ. ಹೊಸಬರಿಗೆ ಜೆಮಿನಿಡ್ಸ್ ಒಳ್ಳೆಯದು ಎನ್ನಲು ಇದೂ ಒಂದು ಕಾರಣ. ಪಕ್ಕದವರು "ಅಗೋ" ಎಂದಾಗ ತಿರುಗಿ ನೋಡಲು ಕೆಲವೊಮ್ಮೆ ಸಮಯ ಸಿಗುತ್ತದೆ.

ಪ್ರತಿ ವರ್ಷ ಅದೇ ದಿನ ಯಾಕೆ ಬರುತ್ತದೆ? ಧೂಮಕೇತುಗಳು ಸೂರ್ಯನನ್ನು ಸುತ್ತುವಾಗ ದಾರಿಯುದ್ದಕ್ಕೂ ಧೂಳು ಚೆಲ್ಲುತ್ತವೆ. ಭೂಮಿ ತನ್ನ ಸುತ್ತಿನಲ್ಲಿ ವರ್ಷಕ್ಕೊಮ್ಮೆ ಆ ಧೂಳಿನ ದಾರಿಯನ್ನು ಹಾಯ್ದು ಹೋಗುತ್ತದೆ. ಜೆಮಿನಿಡ್ಸ್ ಮಾತ್ರ ಸ್ವಲ್ಪ ವಿಚಿತ್ರ. ಅದರ ಮೂಲ ಧೂಮಕೇತುವಲ್ಲ, ಫೇಥಾನ್ ಎಂಬ ಕ್ಷುದ್ರಗ್ರಹ, ಅಂದರೆ ಸೂರ್ಯನನ್ನು ಸುತ್ತುವ ಬಂಡೆ. ಜನ ಈ ಉಲ್ಕಾವೃಷ್ಟಿಯನ್ನು 1862ರಿಂದಲೇ ಗಮನಿಸಿದ್ದರು. ಮೂಲ ಯಾವುದೆಂದು ತಿಳಿದದ್ದು 1983ರಲ್ಲಿ, ಉಪಗ್ರಹವೊಂದರ ಚಿತ್ರಗಳಲ್ಲಿ ಫೇಥಾನ್ ಪತ್ತೆಯಾದ ಮೇಲೆ. ಅದು ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಬುಧಗ್ರಹಕ್ಕಿಂತಲೂ ಸೂರ್ಯನ ಹತ್ತಿರ ಹೋಗಿ ಬರುತ್ತದೆ.

ಪತ್ರಿಕೆಗಳಲ್ಲಿ ಹೆಚ್ಚು ಹೆಸರು ಕೇಳಿಬರುವುದು ಆಗಸ್ಟ್ 12-13ರ ಪರ್ಸಿಡ್ಸ್. ಅದು ನಮ್ಮದಲ್ಲ. ಆಗ ಮಳೆಗಾಲ. ಜೋಯಿಡಾದಲ್ಲಿ ಆಕಾಶವೇ ಕಾಣುವುದಿಲ್ಲ, ಹಳಿಯಾಳ-ಮುಂಡಗೋಡದಲ್ಲಿ ಮೋಡದ ಸಂದಿಯಲ್ಲಿ ಒಂದೆರಡು ಸಿಕ್ಕರೆ ಅದೃಷ್ಟ. ಅಕ್ಟೋಬರ್ 21ರ ಸುಮಾರಿಗೆ ಓರಿಯೊನಿಡ್ಸ್, ನವೆಂಬರ್ 17ಕ್ಕೆ ಲಿಯೊನಿಡ್ಸ್, ಏಪ್ರಿಲ್ 22ಕ್ಕೆ ಲೈರಿಡ್ಸ್, ಮೇ ಮೊದಲ ವಾರದಲ್ಲಿ ಬೆಳಗಿನ ಜಾವಕ್ಕೆ ಈಟಾ ಅಕ್ವೇರಿಡ್ಸ್ ಇವೆ. ಇವೆಲ್ಲ ಜೆಮಿನಿಡ್ಸ್‌ಗಿಂತ ತೆಳು. ಮೊದಲ ಸಲ ನೋಡುವವರು ಡಿಸೆಂಬರನ್ನೇ ಹಿಡಿಯಿರಿ. ಆಕಾಶ ತಿಳಿಯಾಗಿರುತ್ತದೆ, ರಾತ್ರಿಯೂ ಉದ್ದ.

ಆ ದಿನ ಚಂದ್ರ ಎಲ್ಲಿರುತ್ತಾನೆ ಎಂಬುದು ದೊಡ್ಡ ಪ್ರಶ್ನೆ. ಬೆಳದಿಂಗಳಲ್ಲಿ ಮಂಕಾದ ಉಲ್ಕೆಗಳೆಲ್ಲ ಅಳಿಸಿಹೋಗುತ್ತವೆ. ಇದನ್ನು ತಿಳಿಯಲು ಮನೆಯ ಗೋಡೆಯ ಮೇಲಿನ ಪಂಚಾಂಗವೇ ಸಾಕು. ತಿಥಿ ನೋಡಿ. ಅಮಾವಾಸ್ಯೆಯ ಆಸುಪಾಸಾದರೆ ಇಡೀ ರಾತ್ರಿ ನಿಮ್ಮದು. ಶುಕ್ಲ ಅಷ್ಟಮಿಯ ಚಂದ್ರ ನಡುರಾತ್ರಿಯ ಸುಮಾರಿಗೆ ಮುಳುಗುತ್ತಾನೆ, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಕೃಷ್ಣ ಅಷ್ಟಮಿಯಾದರೆ ನಡುರಾತ್ರಿಗೆ ಮೂಡುತ್ತಾನೆ, ಅಷ್ಟರೊಳಗೆ ನೋಡಿ ಮುಗಿಸಬೇಕು. 2026ರಲ್ಲಿ ಅಮಾವಾಸ್ಯೆ ಡಿಸೆಂಬರ್ 9ರ ಹೊತ್ತಿಗೆ ಮುಗಿದಿರುತ್ತದೆ. 13, 14ರ ರಾತ್ರಿ ಎಳೆ ಚಂದ್ರ ಹನ್ನೊಂದರೊಳಗೆ ಮುಳುಗಿ, ಮುಂದಿನದೆಲ್ಲ ಕತ್ತಲು. 2027ರ ಡಿಸೆಂಬರ್ 13 ಹುಣ್ಣಿಮೆ. ಆದ್ದರಿಂದ 2026ರ ಅವಕಾಶ ಬಿಟ್ಟರೆ ಮರುವರ್ಷಕ್ಕೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಇನ್ನು ಎಲ್ಲಿ ಕೂರಬೇಕು? ಇದು ನಾಲ್ಕೂ ಕಡೆ ಒಂದೇ ರೀತಿ ಇಲ್ಲ. ದಾಂಡೇಲಿ ಪೇಟೆಯಲ್ಲಿ ಕಾಗದದ ಕಾರ್ಖಾನೆಯ ಬೆಳಕೂ ಬೀದಿದೀಪಗಳೂ ಇವೆ. ಅಲ್ಲಿಯವರು ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಮರೆ ನೋಡಿಕೊಳ್ಳಿ, ದೀಪ ಬೆನ್ನಿಗೆ ಬರುವಂತೆ ಮಲಗಿ. ಯಾವ ದೀಪವೂ ನೇರ ಕಣ್ಣಿಗೆ ಬೀಳಬಾರದು, ಅಷ್ಟೇ. ಹಳಿಯಾಳ ಕಡೆ ಬಯಲು ಹೆಚ್ಚು, ಈಶಾನ್ಯ ದಿಕ್ಕು ನೆಲದವರೆಗೂ ತೆರೆದಿರುತ್ತದೆ. ಭತ್ತ ಕೊಯ್ದು ಖಾಲಿಯಾದ ಗದ್ದೆಯ ಪಕ್ಕದ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಮುಂಡಗೋಡದಲ್ಲೂ ಹಾಗೆಯೇ. ಪೇಟೆ ಮತ್ತು ಟಿಬೆಟನ್ ಕಾಲೊನಿಯ ಬೆಳಕು ದಾಟಿದರೆ ಹಳ್ಳಿಗಳಲ್ಲಿ ಅಗಲವಾದ ಆಕಾಶ.

ಎಲ್ಲರಿಗಿಂತ ಕಪ್ಪು ಆಕಾಶ ಜೋಯಿಡಾದ್ದು. ಉಳವಿ, ಕುಂಬಾರವಾಡ, ಗುಂದ, ಅಣಶಿ ಕಡೆಯವರು ತಲೆ ಎತ್ತಿದರೆ ಆಕಾಶಗಂಗೆಯನ್ನೇ ಕಾಣುತ್ತಾರೆ. ತೊಡಕು ಬೇರೆಯದು. ಸುತ್ತ ಮರ, ಗುಡ್ಡ. ಆಕಾಶದ ತುಂಡಷ್ಟೇ ಕಾಣುತ್ತದೆ. ಬೆಳಗಿನ ಜಾವಕ್ಕೆ ಕಣಿವೆಯಲ್ಲಿ ಮಂಜು ಕೂರುತ್ತದೆ. ಅದಕ್ಕೆ ಉಪಾಯ ಇಷ್ಟು: ಅಂಗಳದಲ್ಲಿ ನೆತ್ತಿ ತೆರೆದಿರುವ ಜಾಗ ಹುಡುಕಿ, ರಾತ್ರಿ ಹನ್ನೊಂದರಿಂದ ಎರಡರವರೆಗೆ ನೋಡಿ, ಮಂಜು ಏರುವ ಮೊದಲೇ ಎದ್ದುಬಿಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆಕಾಶ ಚೆನ್ನಾಗಿ ಕಾಣುತ್ತದೆಂದು ಕಾಡಿನ ರಸ್ತೆಗೆ, ಹಿನ್ನೀರಿನ ದಡಕ್ಕೆ ಹೋಗಬೇಡಿ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ನಾಡು. ಕರಡಿ, ಚಿರತೆ ಓಡಾಡುತ್ತವೆ. ಹಳಿಯಾಳ, ಮುಂಡಗೋಡ ಕಡೆ ಸುಗ್ಗಿಯ ಹೊತ್ತಿಗೆ ಆನೆಗಳೂ ಗದ್ದೆಗೆ ಇಳಿಯುತ್ತವೆ. ಕತ್ತಲಲ್ಲಿ ನೆಲದ ಮೇಲೆ ಮಲಗಿ ಆಕಾಶ ನೋಡುವವರಿಗೆ ಹಿಂದಿನಿಂದ ಬಂದದ್ದು ಗೊತ್ತಾಗುವುದಿಲ್ಲ. ಕಾಡಂಚಿನ ಮನೆಯಾದರೆ ಟೆರೇಸ್ ಮೇಲೆಯೇ ಇರಿ, ಟೆರೇಸ್ ಇಲ್ಲದಿದ್ದರೆ ಬಾಗಿಲ ಮುಂದಿನ ಅಂಗಳ ದಾಟಬೇಡಿ, ಒಬ್ಬರೇ ಕೂರಬೇಡಿ. ಊರಲ್ಲಿ ಆನೆ ಬಂದ ಸುದ್ದಿಯಿದ್ದರೆ ಆ ರಾತ್ರಿ ಒಳಗಿರುವುದೇ ಸರಿ.

ಮಿಥುನ ರಾಶಿಯನ್ನು ಗುರುತಿಸುವುದು ಕಷ್ಟವಲ್ಲ. ರಾತ್ರಿ ಹತ್ತಕ್ಕೆ ಪೂರ್ವದಲ್ಲಿ ಒಂದೇ ಸಾಲಿನಲ್ಲಿ ನಿಂತ ಮೂರು ನಕ್ಷತ್ರ ಕಾಣುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಪಟ್ಟಿಯ ಒಂದು ಪಕ್ಕಕ್ಕೆ ಕೆಂಪಗಿನ ಆರಿದ್ರಾ, ಇನ್ನೊಂದು ಪಕ್ಕಕ್ಕೆ ಬಿಳಿಯ ರೈಜೆಲ್. ರೈಜೆಲ್‌ನಿಂದ ಆರಿದ್ರಾಕ್ಕೆ ಗೆರೆ ಎಳೆದು ಅದೇ ದಿಕ್ಕಿನಲ್ಲಿ ಮುಂದುವರಿಸಿ. ಅಕ್ಕಪಕ್ಕ ನಿಂತ ಎರಡು ನಕ್ಷತ್ರ ಸಿಗುತ್ತವೆ. ಅವೇ ನಮ್ಮ ಪುನರ್ವಸು, ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಮತ್ತು ಪೊಲಕ್ಸ್. ಕ್ಯಾಸ್ಟರ್ ಪಕ್ಕದಲ್ಲೇ ಜೆಮಿನಿಡ್ಸ್‌ನ ರೇಡಿಯಂಟ್ ಇದೆ, ಅಂದರೆ ಉಲ್ಕೆಗಳೆಲ್ಲ ಹೊರಟಂತೆ ತೋರುವ ಬಿಂದು. ನಿಜವಾಗಿ ಅವು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತಿರುತ್ತವೆ. ಅಳ್ನಾವರ-ಅಂಬೇವಾಡಿ ರೈಲುಮಾರ್ಗದಲ್ಲಿ ನಿಂತು ನೋಡಿದರೆ ಎರಡು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುತ್ತವಲ್ಲ, ಹಾಗೆ.

ಆದರೆ ಆ ಬಿಂದುವನ್ನೇ ದಿಟ್ಟಿಸುತ್ತ ಕೂರಬೇಡಿ. ಅದರ ಹತ್ತಿರ ಕಾಣುವ ಉಲ್ಕೆಗಳ ಗೆರೆ ಗಿಡ್ಡ. ಉದ್ದನೆಯ ಚೆಂದದ ಗೆರೆಗಳು ಅದರಿಂದ ದೂರದಲ್ಲಿ ಬರುತ್ತವೆ. ಆದ್ದರಿಂದ ಆಕಾಶದ ಯಾವ ಭಾಗ ಅತಿ ಕಪ್ಪೋ ಅಲ್ಲಿ ಕಣ್ಣಿಡಿ. ಈ ಬಿಂದು ರಾತ್ರಿ ಎಂಟರ ಸುಮಾರಿಗೆ ಈಶಾನ್ಯದಲ್ಲಿ ಮೂಡಿ, ಎರಡು ದಾಟಿದ ಮೇಲೆ ನೆತ್ತಿಯ ಹತ್ತಿರ ಬರುತ್ತದೆ. ಅದು ಎಷ್ಟು ಎತ್ತರಕ್ಕೆ ಏರಿದರೆ ಅಷ್ಟು ಹೆಚ್ಚು ಉಲ್ಕೆ. ಹತ್ತು ಗಂಟೆಗೆ ಕಾಣುವುದಕ್ಕಿಂತ ಎರಡು ಗಂಟೆಗೆ ಸುಮಾರು ಎರಡು ಪಟ್ಟು. ಸಣ್ಣ ಮಕ್ಕಳಿದ್ದರೆ ಹತ್ತಕ್ಕೇ ತೋರಿಸಿ ಮಲಗಿಸಬಹುದು. ಜೆಮಿನಿಡ್ಸ್ ಇಷ್ಟು ಬೇಗ ಕಾಣಲು ಶುರುವಾಗುವುದೂ ಒಂದು ಅನುಕೂಲ.

ಎಷ್ಟು ಕಾಣುತ್ತವೆ? "ಗಂಟೆಗೆ 150" ಎಂದು ಓದಿರುತ್ತೀರಿ. ಅದು ಝಡ್‌ಎಚ್‌ಆರ್ ಎಂಬ ಲೆಕ್ಕ. ರೇಡಿಯಂಟ್ ನಡುನೆತ್ತಿಯಲ್ಲಿದ್ದು, ಆಕಾಶ ಪರಿಪೂರ್ಣ ಕಪ್ಪಾಗಿದ್ದರೆ ಒಬ್ಬರಿಗೆ ಕಾಣಬಹುದಾದ ಸಂಖ್ಯೆ ಅದು. ಜೋಯಿಡಾದ ಹಳ್ಳಿಯಲ್ಲಿ ನಡುರಾತ್ರಿಯ ಮೇಲೆ ಸರಾಸರಿ ನಿಮಿಷಕ್ಕೊಂದು ಕಂಡರೆ ತೃಪ್ತಿಪಡಿ. ಪೇಟೆಯ ಟೆರೇಸಿನಲ್ಲಿ ಗಂಟೆಗೆ ಹತ್ತಿಪ್ಪತ್ತು ಸಿಗಬಹುದು. ಅವು ಲೆಕ್ಕವಿಟ್ಟು ಬರುವುದಿಲ್ಲ. ಐದು ನಿಮಿಷ ಏನೂ ಇರುವುದಿಲ್ಲ, ಆಮೇಲೆ ಒಂದರ ಹಿಂದೊಂದು ಮೂರು. ಆ ಐದು ನಿಮಿಷದಲ್ಲಿ ಬೇಸತ್ತು ಒಳಗೆ ಹೋಗುವವರೇ ಹೆಚ್ಚು.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ವಾಟ್ಸಾಪ್ ತೆರೆದಿರೋ, ಮತ್ತೆ ಮೊದಲಿಂದ ಶುರು. ಮೊಬೈಲನ್ನು ಒಳಗೇ ಬಿಟ್ಟು ಬನ್ನಿ. ನಡೆಯಲು ಬೆಳಕು ಬೇಕಾದರೆ ಟಾರ್ಚಿನ ಮುಖಕ್ಕೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ. ಕೆಂಪು ಬೆಳಕು ಕಣ್ಣನ್ನು ಅಷ್ಟು ಕೆಡಿಸುವುದಿಲ್ಲ. ಮಲಗಿಯೇ ನೋಡಿ, ನಿಂತು ನೋಡಿದರೆ ಹತ್ತು ನಿಮಿಷಕ್ಕೆ ಕತ್ತು ನೋಯುತ್ತದೆ. ಇಬ್ಬನಿ ಬೀಳುವುದರಿಂದ ಚಾಪೆಯ ಕೆಳಗೊಂದು ಪ್ಲಾಸ್ಟಿಕ್ ಹಾಳೆ, ಮೇಲೆ ಕಂಬಳಿ, ತಲೆಗೆ ಮಂಕಿ ಕ್ಯಾಪ್. ಥರ್ಮಾಸಿನಲ್ಲಿ ಕಷಾಯವೋ ಚಹವೋ ಇದ್ದರೆ ಕಾಯುವುದು ಸುಲಭ.

ಟೆಲಿಸ್ಕೋಪ್ ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಬೈನಾಕ್ಯುಲರ್ ಕೂಡ ಬೇಡ. ಅವು ಆಕಾಶದ ಒಂದು ಚೂರನ್ನು ಮಾತ್ರ ತೋರಿಸುತ್ತವೆ, ಉಲ್ಕೆ ಎಲ್ಲಿ ಬೇಕಾದರೂ ಬರಬಹುದು. ಬರಿಗಣ್ಣೇ ಸರಿಯಾದ ಸಾಧನ. ಕಣ್ಣಿಗೆ ಅಪಾಯವೇ? ಸೂರ್ಯಗ್ರಹಣ ನೋಡುವಾಗ ಇರುವಂಥ ಅಪಾಯ ಇಲ್ಲಿಲ್ಲ, ಗರ್ಭಿಣಿಯರೂ ಮಕ್ಕಳೂ ನೋಡಬಹುದು. ಮೈಮೇಲೆ ಬೀಳುವುದೇ? ಈ ಕಣಗಳು ಮೇಲೆಯೇ ಉರಿದುಹೋಗುತ್ತವೆ, ನೆಲ ಮುಟ್ಟುವುದಿಲ್ಲ. ವಿಮಾನವೋ ಉಪಗ್ರಹವೋ ಎಂಬ ಅನುಮಾನ ಬಂದರೆ ಹೀಗೆ ತಿಳಿಯಿರಿ. ವಿಮಾನ ಮಿಣುಕುತ್ತದೆ, ಉಪಗ್ರಹ ಒಂದೇ ವೇಗದಲ್ಲಿ ನಿಮಿಷಗಟ್ಟಲೆ ಸಾಗುತ್ತದೆ. ಉಲ್ಕೆಯ ಆಟ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ.

ಖರ್ಚು ಹೇಳುವುದಾದರೆ ಜಿಲೇಟಿನ್ ಕಾಗದದ ಕೆಲವು ರೂಪಾಯಿ. ಫೋಟೋ ತೆಗೆಯುವ ಆಸೆಯಿದ್ದವರಿಗೆ ಮಾತ್ರ ಮೊಬೈಲ್ ನಿಲ್ಲಿಸುವ ಟ್ರೈಪಾಡ್ ಬೇಕು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪ್ರೊ ಮೋಡಿನಲ್ಲಿ ಶಟರನ್ನು 15ರಿಂದ 30 ಸೆಕೆಂಡ್ ತೆರೆದಿಟ್ಟು ಒಂದರ ಹಿಂದೊಂದು ತೆಗೆಯುತ್ತಿರಬೇಕು. ಮೊದಲ ವರ್ಷ ಈ ಗೋಜು ಬೇಡ ಎಂಬುದು ನನ್ನ ಅಭಿಪ್ರಾಯ. ಕಣ್ಣಲ್ಲಿ ನೋಡಿ.

ನಕ್ಷತ್ರ ಗುರುತಿಸಲು ಸ್ಟೆಲೇರಿಯಂ ಆ್ಯಪ್ ಉಚಿತವಾಗಿ ಸಿಗುತ್ತದೆ, ಹಗಲಲ್ಲೇ ಅಭ್ಯಾಸ ಮಾಡಿಟ್ಟುಕೊಳ್ಳಿ. ಪ್ರತಿ ವರ್ಷದ ಉಲ್ಕಾವೃಷ್ಟಿಗಳ ದಿನಾಂಕವನ್ನು ಅಂತರರಾಷ್ಟ್ರೀಯ ಉಲ್ಕಾ ಸಂಘಟನೆ, ಅಂದರೆ ಐಎಂಒ, ತನ್ನ ಕ್ಯಾಲೆಂಡರಿನಲ್ಲಿ ಪ್ರಕಟಿಸುತ್ತದೆ. ನೀವು ಎಣಿಸಿದ ಲೆಕ್ಕವನ್ನೂ ಅದು ಸ್ವೀಕರಿಸುತ್ತದೆ. ಸಮಯ, ಆಕಾಶದ ಸ್ಥಿತಿ, ಕಂಡ ಉಲ್ಕೆಗಳ ಸಂಖ್ಯೆ ಬರೆದಿಟ್ಟರಾಯಿತು. ಶಾಲೆಯ ಮಕ್ಕಳಿಗೆ ಇದು ನಿಜವಾದ ವಿಜ್ಞಾನದ ಕೆಲಸ. ಇನ್ನಷ್ಟು ಕಲಿಯಬೇಕೆಂದರೆ ನಮಗೆ ಹತ್ತಿರದಲ್ಲಿ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಕನ್ನಡದಲ್ಲಿ ಓದುವವರು ಜಿ. ಟಿ. ನಾರಾಯಣರಾವ್ ಅವರ ಖಗೋಳ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಕೇಳಿ ನೋಡಿ.

ದಾಂಡೇಲಿ, ಗಣೇಶಗುಡಿ, ಜೋಯಿಡಾ ಕಡೆ ಹೋಂಸ್ಟೇ, ರೆಸಾರ್ಟ್ ನಡೆಸುವವರಲ್ಲಿ ಒಂದು ವಿನಂತಿ. ಆ ಎರಡು ರಾತ್ರಿ, ಸುರಕ್ಷತೆಗೆ ಬೇಕಾದ ಒಂದೆರಡು ದೀಪ ಬಿಟ್ಟು ಮಿಕ್ಕ ಹೊರಗಿನ ದೀಪಗಳನ್ನು ಹನ್ನೊಂದರ ಮೇಲೆ ಆರಿಸಿ. ನಿಮ್ಮ ಅತಿಥಿಗಳಿಗೂ ಅಕ್ಕಪಕ್ಕದ ಹಳ್ಳಿಯವರಿಗೂ ಆಕಾಶ ಸಿಗುತ್ತದೆ. ಉಳಿದವರು 2026ರ ಡಿಸೆಂಬರ್ 13ಕ್ಕೆ ಪಂಚಾಂಗದಲ್ಲಿ ಈಗಲೇ ಗುರುತು ಹಾಕಿಡಿ, ಪಕ್ಕದ ಮನೆಯವರಿಗೂ ಹೇಳಿ.