ಬೀಟಲ್‌ನ ಕ್ಲಚ್ ಪೆಡಲ್ ನೆಲಕ್ಕೆ ಒರಗಿದಾಗ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಕ್ಲಚ್ ಪೆಡಲ್ ಇದ್ದಕ್ಕಿದ್ದಂತೆ ಬಿಗಿ ಕಳೆದುಕೊಂಡು ನೆಲಕ್ಕೆ ಒರಗಿದರೆ ಮೊದಲು ಬಾಯಿಗೆ ಬರುವ ಮಾತು ‘ಪೆಡಲ್ ಮುರೀತು’. ಬಗ್ಗಿ ನೋಡಿದರೆ ಪೆಡಲ್ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅದರ ಹಿಂದೆ ಎಲ್ಲೋ. ಆ ಜಾಗ ಪತ್ತೆಹಚ್ಚದೆ ಹೊಸ ಕೇಬಲ್ ತಂದು ಹಾಕಿದರೆ ಅದೂ ಹೆಚ್ಚು ದಿನ ಬಾಳದು.

ಕಾಲಿನ ಬಲ ಸಾಗುವ ದಾರಿ

ಬೀಟಲ್‌ನ ಎಂಜಿನ್ ಹಿಂದೆ, ಪೆಡಲ್ ಮುಂದೆ. ನಡುವಿನ 2 ಮೀಟರ್‌ಗೂ ಮಿಕ್ಕಿದ ದೂರವನ್ನು ದಾಟಿಸುವುದು ಒಂದೇ ಒಂದು ಉಕ್ಕಿನ ಕೇಬಲ್. ಪೆಡಲ್ ಕೂತಿರುವ ಶಾಫ್ಟ್‌ನ ತುದಿಯಲ್ಲಿ ಒಂದು ಕೊಕ್ಕೆಯಿದೆ. ಕೇಬಲ್‌ನ ಮುಂದಿನ ತುದಿಯ ಕಣ್ಣು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಕಾರಿನ ನಡುವಿನ ಟನಲ್ ಒಳಗೆ ಬೆಸುಗೆ ಹಾಕಿರುವ ಕೊಳವೆಯಲ್ಲಿ ಹಾದು, ಹಿಂದೆ ಬಾಗುವ ಬೌಡನ್ ಟ್ಯೂಬ್ ಮೂಲಕ ಹೊರಬಂದು, ಗೇರ್‌ಬಾಕ್ಸ್‌ನ ಎಡಬದಿಯ ಲಿವರ್ ತಲುಪುತ್ತದೆ. ಅಲ್ಲಿ ಅದನ್ನು ಹಿಡಿದಿಡುವುದು ಒಂದು ರೆಕ್ಕೆ ನಟ್. ಹಳೆಯ ಮಾದರಿಗಳಲ್ಲಿ ಜೋಡಿ ನಟ್. ತುಳಿದಾಗ ಕೇಬಲ್ ಲಿವರನ್ನು ಎಳೆಯುತ್ತದೆ, ರಿಲೀಸ್ ಬೇರಿಂಗ್ ಪ್ರೆಶರ್ ಪ್ಲೇಟನ್ನು ಒತ್ತುತ್ತದೆ, ಕ್ಲಚ್ ಬಿಡುತ್ತದೆ. ಸ್ಕೂಟರಿನ ಕ್ಲಚ್ ವೈರ್ ಬದಲಿಸಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಪತ್ತೆ ಹಿಂದಿನಿಂದ

ಸಮತಟ್ಟಾದ ನೆಲದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಎಡ ಚಕ್ರ ಬಿಚ್ಚಿ. ಬರೀ ಜಾಕ್ ನಂಬಿ ಕಾರಿನಡಿ ನುಸುಳಬೇಡಿ. ಈಗ ಇನ್ನೊಬ್ಬರಿಗೆ ಪೆಡಲ್ ತುಳಿಯಲು ಹೇಳಿ ಲಿವರ್ ಕಡೆ ನೋಡಿ.

ಲಿವರ್ ಅಲುಗದಿದ್ದರೆ ನಟ್ ತೆಗೆದು ಎಳೆದು ನೋಡಿ. ಕೇಬಲ್‌ನ ತುಂಡು ಕೈಗೆ ಬಂದರೆ ಅದು ತುಂಡಾಗಿದೆ. ಎಲ್ಲಿ ತುಂಡಾಗಿದೆ ಎನ್ನುವುದು ಮುಖ್ಯ. ಕಣ್ಣಿನ ಬಳಿಯಾದರೆ ಕೊಕ್ಕೆ ಸವೆದು ಹರಿತವಾಗಿರಬಹುದು. ನಡುವೆ ಎಳೆ ಎಳೆಯಾಗಿ ಬಿಚ್ಚಿಕೊಂಡಿದ್ದರೆ ಕೊಳವೆಯ ಮೇಲೆ ಅನುಮಾನಪಡಿ. ಕೇಬಲ್ ಸರಿಯಾಗಿದ್ದೂ ಬಿಗಿ ಇಲ್ಲದಿದ್ದರೆ ಕಣ್ಣು ಕೊಕ್ಕೆಯಿಂದ ಜಾರಿದೆ, ಇಲ್ಲವೇ ಕೊಕ್ಕೆಯೇ ಮುರಿದಿದೆ. ಕೇಬಲ್ ಬಿಗಿಯಾಗಿದ್ದೂ ಪೆಡಲ್ ಮಾತ್ರ ಆಡುತ್ತಿದ್ದರೆ ಅದನ್ನು ಶಾಫ್ಟ್‌ಗೆ ಹಿಡಿದಿರುವ ರೋಲ್ ಪಿನ್ ತುಂಡಾಗಿದೆ. ತುಳಿದಾಗಲೆಲ್ಲ ಟನಲ್ ಒಳಗೆ ಕಿರುಗುಟ್ಟಿದರೆ ಕೊಳವೆಯ ಬೆಸುಗೆ ಬಿಟ್ಟಿರಬಹುದು.

ಕೊನೆಯದೇ ಕಷ್ಟದ ಕೆಲಸ. ಟನಲ್‌ಗೆ ಸಣ್ಣ ಕಿಂಡಿ ಕೊರೆದು ಕೊಳವೆಯನ್ನು ಮತ್ತೆ ಬೆಸೆಯಬೇಕು. ಆದರೆ ಪೆಟ್ರೋಲ್ ಪೈಪ್ ಹಾದುಹೋಗುವುದೂ ಅದೇ ಟನಲ್‌ನಲ್ಲಿ. ಟ್ಯಾಂಕ್ ಮತ್ತು ಪೈಪ್ ಖಾಲಿ ಮಾಡದೆ, ಬ್ಯಾಟರಿ ಬಿಚ್ಚದೆ ಅಲ್ಲಿ ಕಿಡಿ ಹಾರಿಸಬಾರದು. ಇದನ್ನು ಅನುಭವಿ ವೆಲ್ಡರ್‌ಗೆ ಬಿಡುವುದೇ ಜಾಣತನ.

ಪೆಡಲ್ ಬಿಚ್ಚುವುದು, ಜೋಡಿಸುವುದು

ಉಳಿದವು ಮನೆಯಲ್ಲೇ ಆಗುವ ಕೆಲಸ. ಆಕ್ಸಿಲರೇಟರ್ ಕೊಂಡಿ ತಪ್ಪಿಸಿ, ಬ್ರೇಕ್ ಪೆಡಲ್‌ನಿಂದ ಮಾಸ್ಟರ್ ಸಿಲಿಂಡರ್‌ನ ಪುಶ್‌ರಾಡ್ ಬಿಡಿಸಿ, ಟನಲ್‌ಗೆ ಬಿಗಿದಿರುವ ಎರಡು ಬೋಲ್ಟ್ ತೆಗೆದರೆ ಪೆಡಲ್‌ಗಳ ಜೋಡಣೆ ಇಡಿಯಾಗಿ ಹೊರಬರುತ್ತದೆ. ಪೆಡಲ್ ಸ್ಟಾಪ್ ತಟ್ಟೆ ಎಲ್ಲಿ ಕೂತಿತ್ತೆಂದು ಮೊದಲೇ ಗೀರು ಹಾಕಿಕೊಳ್ಳಿ.

ಕೊಕ್ಕೆಯ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ. ತೋಡು ಬಿದ್ದಿದ್ದರೆ ಶಾಫ್ಟ್ ಬದಲಿಸಿ. ಇಲ್ಲದಿದ್ದರೆ ಅದೇ ಅಂಚು ಹೊಸ ಕೇಬಲ್‌ನ ಕಣ್ಣನ್ನೂ ಕೊಯ್ಯುತ್ತದೆ. ರೋಲ್ ಪಿನ್ ಹೊಸದೇ ಇರಲಿ. ಬುಷ್‌ಗಳ ತುಕ್ಕು ಉಜ್ಜಿ ಗ್ರೀಸ್ ಹಚ್ಚಿ.

ಹೊಸ ಕೇಬಲ್‌ಗೆ ಉದ್ದಕ್ಕೂ ಗ್ರೀಸ್ ಸವರಿ, ಜೋಡಣೆ ಬಿಚ್ಚಿದ ಕಿಂಡಿಯಿಂದ ಕೊಳವೆಗೆ ತೂರಿಸಿ, ಹಿಂದೆ ಹೊರಬಂದ ತುದಿಗೆ ನಟ್ ಹಾಕಿ. ಕಿರಿಕಿರಿ ಶುರುವಾಗುವುದು ಕಣ್ಣನ್ನು ಕೊಕ್ಕೆಗೆ ಸಿಕ್ಕಿಸಿದ ಮೇಲೆ. ಪೆಡಲ್ ಸ್ವಲ್ಪ ಹಿಂದಕ್ಕೆ ವಾಲಿದರೂ ಕಣ್ಣು ಜಾರಿಬಿಡುತ್ತದೆ. ಹಾಗಾಗಿ ಒಬ್ಬರು ಹಿಂದೆ ಕೇಬಲ್ ಎಳೆದು ಹಿಡಿದಿರಬೇಕು, ಇನ್ನೊಬ್ಬರು ಪೆಡಲನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಬೋಲ್ಟ್ ಬಿಗಿಯಬೇಕು. ಬ್ರೇಕ್‌ನ ಪುಶ್‌ರಾಡ್ ಮತ್ತು ಪಿಸ್ಟನ್ ನಡುವೆ ಸುಮಾರು 1 ಮಿ.ಮೀ. ಸಂದು ಉಳಿಯುವಂತೆ ಸ್ಟಾಪ್ ತಟ್ಟೆ ಕೂರಿಸಿ. ಸಂದೇ ಇಲ್ಲದಿದ್ದರೆ ಕ್ಲಚ್ ರಿಪೇರಿ ಮುಗಿಯುವಷ್ಟರಲ್ಲಿ ಬ್ರೇಕ್ ಹಿಡಿದುಕೊಂಡಿರುತ್ತದೆ.

ಎರಡು ಅಳತೆಗಳು

ಮೊದಲನೆಯದು ಬೌಡನ್ ಟ್ಯೂಬ್‌ನ ಬಾಗು: ನಡುವೆ 25ರಿಂದ 45 ಮಿ.ಮೀ. ಜೋತಿರಬೇಕು. ಟ್ಯೂಬ್‌ನ ತುದಿಯಲ್ಲಿ ವಾಷರ್ ಸೇರಿಸಿ ಅಥವಾ ತೆಗೆದು ಇದನ್ನು ಹೊಂದಿಸುತ್ತಾರೆ. ನೆಟ್ಟಗಿದ್ದರೆ ಚೆಂದ ಎಂದುಕೊಂಡು ಬಾಗು ತೆಗೆದರೆ, ಹೊರಡುವಾಗ ಕಾರು ಗಡಗಡ ನಡುಗುತ್ತದೆ. ಬಾಗಿನಲ್ಲಿ ಹುಟ್ಟುವ ಅಲ್ಪ ತಿಕ್ಕಾಟವೇ ಕ್ಲಚ್ ನಯವಾಗಿ ಹಿಡಿಯಲು ನೆರವಾಗುತ್ತದೆ.

ಎರಡನೆಯದು ಪೆಡಲ್‌ನ ಫ್ರೀ ಪ್ಲೇ: 10ರಿಂದ 20 ಮಿ.ಮೀ. ಹಿಂದಿನ ನಟ್ ಬಿಗಿದಷ್ಟೂ ಇದು ಕಡಿಮೆಯಾಗುತ್ತದೆ. ಪೂರ್ತಿ ಇಲ್ಲವಾದರೆ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ಇದ್ದು ಬೇಗ ಸವೆಯುತ್ತದೆ, ಕ್ಲಚ್ ಜಾರುತ್ತದೆ. ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡದೆ ಗೇರ್ ಕರಕರ ಎನ್ನುತ್ತದೆ.

ಚಕ್ರ ಹಾಕಿ, ಕಾರು ಇಳಿಸಿ, ಎಂಜಿನ್ ಚಾಲೂ ಮಾಡಿ. ಪೆಡಲ್ ಪೂರ್ತಿ ತುಳಿದು, ಒಂದೆರಡು ಕ್ಷಣ ಬಿಟ್ಟು ರಿವರ್ಸ್ ಹಾಕಿ. ರಿವರ್ಸ್‌ಗೆ ಸಿಂಕ್ರೊಮೆಶ್ ಇಲ್ಲದಿರುವುದರಿಂದ ಕ್ಲಚ್ ಪೂರ್ತಿ ಬಿಡದಿದ್ದರೆ ಅದು ತಕ್ಷಣ ಸದ್ದು ಮಾಡುತ್ತದೆ. ಸದ್ದಿಲ್ಲದೆ ಬಿದ್ದರೆ ಅಳತೆ ಸರಿಯಿದೆ. ಹೊಸ ಕೇಬಲ್ ಮೊದಮೊದಲು ಸ್ವಲ್ಪ ಹಿಗ್ಗುತ್ತದೆ. ಕೆಲವು ದಿನ ಓಡಿಸಿದ ಮೇಲೆ ಫ್ರೀ ಪ್ಲೇ ಇನ್ನೊಮ್ಮೆ ಅಳೆದು ನಟ್ ಸರಿಪಡಿಸಿ.