ಕಂಪ್ಲಿಯ ಚೆಂಡು, ಹಂಪಿಯ ಜಟ್ಟಿಗಳು

ಕನ್ನಡ ನಾಡಿನಲ್ಲಿ ಶತಮಾನಗಳ ಕಾಲ ಹಾಡಿಸಿಕೊಂಡ ಚೆಂಡಾಟವೆಂದರೆ ಕುಮಾರರಾಮನದು. 14ನೆಯ ಶತಮಾನದ ಮೊದಲ ದಶಕಗಳಲ್ಲಿ ಅವನ ತಂದೆ ಕಂಪಿಲರಾಯ ತುಂಗಭದ್ರೆಯ ಆಸುಪಾಸಿನ ಸೀಮೆಯನ್ನು ಆಳುತ್ತಿದ್ದ. ಕುಮ್ಮಟದುರ್ಗ ಮತ್ತು ಸಂಡೂರು ಬೆಟ್ಟಸಾಲಿನ ಹೊಸಮಲೆದುರ್ಗ ಅವನ ಬಲವಾದ ಕೋಟೆಗಳು.

ಕಥೆ ಹೀಗಿದೆ. ತಂದೆ ಬೇಟೆಗೆ ಹೋಗಿದ್ದಾಗ ರಾಮ ಗೆಳೆಯರನ್ನು ಕೂಡಿಕೊಂಡು ಚೆಂಡಾಟಕ್ಕೆ ಇಳಿಯುತ್ತಾನೆ. ಚೆಂಡು ಹಾರಿ ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ರಾಮನೇ ಹೋಗುತ್ತಾನೆ. ಮಲತಾಯಿ ಅವನ ಮೇಲೆ ಮೋಹಗೊಳ್ಳುತ್ತಾಳೆ, ಅವನು ಒಪ್ಪುವುದಿಲ್ಲ. ಸಿಟ್ಟಿಗೆದ್ದ ಅವಳು ಗಂಡನೆದುರು ತಪ್ಪನ್ನೆಲ್ಲ ರಾಮನ ಮೇಲೆ ಹೊರಿಸುತ್ತಾಳೆ. ಮಗನ ತಲೆ ತೆಗೆಯುವಂತೆ ಕಂಪಿಲರಾಯ ಆಜ್ಞೆ ಮಾಡಿದಾಗ ಮಂತ್ರಿ ಬೈಚಪ್ಪ ರಾಮನನ್ನು ಗುಟ್ಟಾಗಿ ಅಡಗಿಸಿಟ್ಟು, ಬೇರೊಬ್ಬನ ತಲೆಯನ್ನು ತಂದೊಪ್ಪಿಸುತ್ತಾನೆ. ದಿಲ್ಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ರಾಮ ಮತ್ತೆ ಹೊರಬಂದು ಕಾದುತ್ತಾನೆ, ಕೊನೆಗೆ ರಣದಲ್ಲೇ ಮಡಿಯುತ್ತಾನೆ. ಅವನಿಗೆ 'ಪರನಾರೀ ಸಹೋದರ' ಎಂಬ ಬಿರುದೂ ಉಂಟು.

ಇದರಲ್ಲಿ ಚರಿತ್ರೆಯ ಅಂಶ ಎಷ್ಟು? ಬಂಡೆದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟದ್ದು, ಅದಕ್ಕಾಗಿ ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯ 1327ರ ವೇಳೆಗೆ ಈ ರಾಜ್ಯವನ್ನು ಅಳಿಸಿಹಾಕಿದ್ದು ನಿಜ. ಪ್ರವಾಸಿ ಇಬ್ನ್ ಬತೂತನೂ ಇದನ್ನು ಬರೆದಿದ್ದಾನೆ. ಚೆಂಡಿನ ಪ್ರಸಂಗ ಮಾತ್ರ ಕಾವ್ಯದ್ದು. ನಂಜುಂಡ ಕವಿ, ಪಾಂಚಾಳ ಗಂಗರು ಅದನ್ನು ಸಾಂಗತ್ಯದಲ್ಲಿ ಹಾಡಿದರು. ಸೋತು ಅಳಿದ ರಾಜ್ಯವೊಂದರ ಕುವರ ಇಷ್ಟು ಕಾಲ ಜನರ ಬಾಯಲ್ಲಿ ಉಳಿದದ್ದಕ್ಕೆ ಅವನ ಯುದ್ಧಗಳಷ್ಟೇ ಆ ಚೆಂಡೂ ಕಾರಣ.

ವಿಜಯನಗರದ ಕಾಲಕ್ಕೆ ಬಂದರೆ ಸಾಕ್ಷ್ಯ ಗಟ್ಟಿಯಾಗುತ್ತದೆ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಮುಂಜಾವದ ಸಾಮನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನ ರಾಯ ಅರ್ಧ ಲೀಟರಿಗೆ ತುಸು ಕಡಿಮೆ ಎಳ್ಳೆಣ್ಣೆ ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈಗೂ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ಭಾರದ ಗುಂಡುಗಳನ್ನೆತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಕತ್ತಿವರಸೆ ಮಾಡುತ್ತಿದ್ದ. ಆಮೇಲೆ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ, ಅದು ಮುಗಿದ ಮೇಲೆ ಬಯಲಿನಲ್ಲಿ ಕುದುರೆ ಸವಾರಿ. ಸಾಮ್ರಾಜ್ಯದ ಒಡೆಯ ದಿನವೂ ತನ್ನ ಆಳಿನೆದುರು ಅಖಾಡಕ್ಕೆ ಇಳಿಯುತ್ತಿದ್ದ ಎಂಬುದು ಸಣ್ಣ ಮಾತಲ್ಲ.

ಮಹಾನವಮಿಯ ಕಾಳಗ ಇನ್ನೂ ಉಗ್ರ. ಹಲ್ಲು ಮುರಿಯುವಂಥ, ಕಣ್ಣು ಕೀಳುವಂಥ ಏಟುಗಳು ಬೀಳುತ್ತಿದ್ದವು, ಮಾತೇ ಹೊರಡದ ಸ್ಥಿತಿಯಲ್ಲಿ ಕೆಲವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಜೋಡಿಗಳನ್ನು ಸರಿಸಮವಾಗಿ ಹೊಂದಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರೆಂದು ಪಾಯೆಸ್ ಹೇಳುತ್ತಾನೆ. ಅವನ ಬರಹದಲ್ಲಿ ಇದೇ ಅತ್ಯಂತ ಬೆಲೆಯುಳ್ಳ ವಿವರ. ಅದು ಬರಿಯ ಹೊಡೆದಾಟವಾಗಿರದೆ ಕಟ್ಟುಪಾಡಿಗೆ ಒಳಪಟ್ಟ ಪಂದ್ಯವಾಗಿತ್ತೆಂದು ತಿಳಿಯುವುದು ಇಲ್ಲಿಂದಲೇ. ಅವನ ನಂತರ ಬಂದ ಇನ್ನೊಬ್ಬ ಪೋರ್ಚುಗೀಸ್ ನೂನಿಜ್, ಕುಸ್ತಿಯಾಡುವ ಹೆಂಗಸರೂ ಅರಮನೆಯಲ್ಲಿದ್ದರೆಂದು ದಾಖಲಿಸಿದ್ದಾನೆ. ಆ ಜಟ್ಟಿಗಳಲ್ಲಿ ಒಬ್ಬರ ಹೆಸರನ್ನೂ ಇಬ್ಬರೂ ಬರೆಯಲಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಬೇಟೆ, ಕುಣಿತ, ಆನೆ ಕುದುರೆಗಳ ನಡುವೆ ಕುಸ್ತಿಯ ಪಟ್ಟುಗಳನ್ನು ಇಂದಿಗೂ ಕಾಣಬಹುದು.

1565ರಲ್ಲಿ ನಗರ ಹಾಳಾದ ಮೇಲೆ ಈ ಪರಂಪರೆ ದಕ್ಷಿಣದಲ್ಲಿ ಮುಂದುವರಿಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ತಲೆ ಬೋಳಿಸಿಕೊಂಡ ಜಟ್ಟಿಗಳು ಈಗಲೂ ವಜ್ರಮುಷ್ಟಿ ಕಾಳಗ ಆಡುತ್ತಾರೆ. ಮೊದಲ ಹನಿ ರಕ್ತ ಕಂಡೊಡನೆ ಪಂದ್ಯ ನಿಲ್ಲುತ್ತದೆ.

ಹಂಪಿಯ ಬಳಿಯ ಹೊಸಪೇಟೆ ಸೀಮೆಗೆ ಹೊಸ ಕಾಲದ ಗರಡಿಯೂ ಬಂದಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಜೆಎಸ್‌ಡಬ್ಲ್ಯು ಉಕ್ಕು ಕಾರ್ಖಾನೆಯ ಪಕ್ಕದಲ್ಲಿ, 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗಳಿಗೆ ಇಲ್ಲಿ ತರಬೇತಿಯಿದೆ. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ಜಾವೆಲಿನ್ ಅನ್ನು 87.58 ಮೀಟರ್ ದೂರ ಎಸೆದು ಚಿನ್ನ ಗೆದ್ದ ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಅಂಗಳಗಳಲ್ಲಿ ಇದೂ ಒಂದು.